ಓದುಗರ ಪ್ರಶ್ನೆ: ಕನ್ನಡ ತೆರೆಯ ಮೇಲಿನ ಅತ್ಯಂತ ದುಃಖದ ಸಾವು ಯಾವುದು?

ಈ ಪ್ರಶ್ನೆಗೆ ಎಷ್ಟು ಬಾರಿ ಉತ್ತರಿಸಿದ್ದೇನೋ ಲೆಕ್ಕವಿಟ್ಟಿಲ್ಲ. ಕೇಳುವವರು ತಮ್ಮ ಉತ್ತರವನ್ನೂ ಜೊತೆಗೇ ಕಳಿಸಿರುತ್ತಾರೆ. ಐವತ್ತು ದಾಟಿದವರಿಗೆ ‘ನಾಗರಹಾವು’ ಚಿತ್ರದ ಚಾಮಯ್ಯ ಮೇಷ್ಟ್ರು. ಅವರ ಮಕ್ಕಳಿಗೆ ‘ಮುಂಗಾರು ಮಳೆ’ಯ ಮೊಲ ದೇವದಾಸ. ನಡುವಿನವರು ‘ಜೋಗಿ’ಯ ತಾಯಿಯನ್ನು ನೆನೆಯುತ್ತಾರೆ. ಮೂರಕ್ಕೂ ನನ್ನ ಆಕ್ಷೇಪವಿಲ್ಲ. ಆದರೆ ನನ್ನ ಉತ್ತರ ಬೇರೆ, ಹಲವು ವರ್ಷಗಳಿಂದ ಅದೇ ಉತ್ತರ: 1971ರ ‘ಕಸ್ತೂರಿ ನಿವಾಸ’ದ ರವಿವರ್ಮ.

ಕಥೆ ನಿಮಗೆ ಗೊತ್ತಿದೆ. ಕೇಳಿದವರಿಗೆ ಇಲ್ಲ ಎನ್ನದ ಮನುಷ್ಯ. ಕೊಟ್ಟು ಕೊಟ್ಟು ಐಶ್ವರ್ಯ ಹೋಯಿತು, ಮನೆಯೂ ಹೋಯಿತು. ಕೊನೆಗೆ ಉಳಿದದ್ದು ಸಾಕಿದ ಪಾರಿವಾಳ ಒಂದೇ. ಒಂದು ಕಾಲದಲ್ಲಿ ಅವನ ಹತ್ತಿರ ಕೆಲಸಕ್ಕಿದ್ದ ನೀಲಾ ಮನೆಗೆ ಬರುತ್ತಾಳೆ. ಬಂದವಳಿಗೆ ಊಟ ಹಾಕದೆ ಕಳಿಸುವುದುಂಟೇ? ಆ ಒಂದು ಹೊತ್ತಿನ ಊಟಕ್ಕಾಗಿ ಅವನು ಪಾರಿವಾಳವನ್ನೇ ಕಳೆದುಕೊಳ್ಳುತ್ತಾನೆ. ಊಟವಾಗುತ್ತದೆ. ಆಮೇಲೆ ಅವಳು ತಾನು ಬಂದ ಕಾರಣ ಹೇಳುತ್ತಾಳೆ: ಮಗು ಹಂಬಲಿಸುತ್ತಿದೆ, ಆ ಪಾರಿವಾಳವನ್ನು ಕೊಡುತ್ತೀರಾ?

ಅಲ್ಲಿ ರಾಜ್‌ಕುಮಾರ್ ಅವರ ಮುಖವನ್ನು ಒಮ್ಮೆ ನೋಡಿ. ಅಳುವಿಲ್ಲ, ಕೂಗಾಟವಿಲ್ಲ. ಇಲ್ಲ ಎಂಬ ಮಾತನ್ನು ಜೀವಮಾನದಲ್ಲಿ ಆಡದವನಿಗೆ ಈಗ ಆಡಲೇಬೇಕಾಗಿದೆ. ಅವನ ಪ್ರಾಣ ಹೋಗುವುದು ಬಡತನದಿಂದಲ್ಲ, ಕಾಯಿಲೆಯಿಂದಲೂ ಅಲ್ಲ. ಕೊಡುವ ಕೈ ಖಾಲಿಯಾಯಿತು ಎಂಬ ಒಂದೇ ಸಂಕಟದಿಂದ.

2014ರಲ್ಲಿ ಈ ಚಿತ್ರಕ್ಕೆ ಬಣ್ಣ ತುಂಬಿ ಮತ್ತೆ ಬಿಡುಗಡೆ ಮಾಡಿದರು. ಆಗ ಬೆಂಗಳೂರಿನ ಒಂದು ಚಿತ್ರಮಂದಿರದಲ್ಲಿ ನನ್ನ ಪಕ್ಕದ ಸೀಟಿನಲ್ಲಿ ಪಂಚೆಯುಟ್ಟ ಹಿರಿಯರೊಬ್ಬರು ಕುಳಿತಿದ್ದರು. ಚಿತ್ರ ಮುಗಿದು ದೀಪ ಹತ್ತಿಕೊಂಡರೂ ಅವರು ಏಳಲಿಲ್ಲ. ಕನ್ನಡಕ ತೆಗೆದು, ಕರವಸ್ತ್ರದ ತುದಿಯಿಂದ ಒಂದು ಗಾಜನ್ನು ಒರೆಸಿದರು, ಇನ್ನೊಂದನ್ನು ಒರೆಸಿದರು, ಮತ್ತೆ ಮೊದಲನೆಯದನ್ನು ಒರೆಸತೊಡಗಿದರು. ಕಸ ಗುಡಿಸುವವರು ನಮ್ಮ ಸಾಲಿಗೆ ಬರುವವರೆಗೂ ಅದೇ ನಡೆದಿತ್ತು. ನಾನೂ ಎದ್ದಿರಲಿಲ್ಲ.

ಇಷ್ಟು ಹೇಳಿದ ಕೂಡಲೇ ಮರುಪ್ರಶ್ನೆ ಬರುತ್ತದೆ. ‘ಅದು ಹೇಗೆ ಸಾಧ್ಯ? ರಾಜ್‌ಕುಮಾರ್ ತೆರೆಯ ಮೇಲೆ ಸಾಯಲೇ ಇಲ್ಲವಲ್ಲ? ನಾಯಕ ಸತ್ತರೆ ಕನ್ನಡಿಗರು ಚಿತ್ರ ಓಡಿಸುವುದಿಲ್ಲವಲ್ಲ?’ ಈ ಮಾತನ್ನು ಆಟೋ ಚಾಲಕರಿಂದ ಕೇಳಿದ್ದೇನೆ, ಪ್ರಾಧ್ಯಾಪಕರಿಂದಲೂ ಕೇಳಿದ್ದೇನೆ. ಎಷ್ಟು ಸಲ ತಿದ್ದಿದರೂ ಮರುವರ್ಷ ಹೊಸದಾಗಿ ಚಿಗುರಿರುತ್ತದೆ. ಆದ್ದರಿಂದ ಈ ಸಲ ಬೇರಿನಿಂದಲೇ ಕೀಳೋಣ.

ಸಾಯಲಿಲ್ಲ ಎನ್ನುವವರಿಗೆ ‘ಕಸ್ತೂರಿ ನಿವಾಸ’ ಒಂದೇ ಸಾಕು. ‘ಬಭ್ರುವಾಹನ’ದಲ್ಲಿಯೂ ಅವರ ಅರ್ಜುನ ಮಗನ ಬಾಣಕ್ಕೆ ಬೀಳುತ್ತಾನೆ, ಆದರೆ ಮತ್ತೆ ಜೀವ ಪಡೆಯುತ್ತಾನೆ, ಅದನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ರವಿವರ್ಮ ಎದ್ದು ಬರುವುದಿಲ್ಲ. ಅವನ ಸಾವಿಗಾಗಿ ಜನ ಚಿತ್ರವನ್ನು ದೂರ ತಳ್ಳಿದರೇ? ನಲವತ್ತಮೂರು ವರ್ಷಗಳ ನಂತರ ಟಿಕೆಟ್ ಕೊಂಡು ಮತ್ತೆ ಅಳಲು ಬಂದರು.

ಇನ್ನು ಓಡುವುದಿಲ್ಲ ಎಂಬ ಮಾತು. 1972ರ ಒಂದೇ ವರ್ಷವನ್ನು ತೆಗೆದುಕೊಳ್ಳಿ. ಆ ವರ್ಷ ಬಂದ ‘ಬಂಗಾರದ ಮನುಷ್ಯ’ ಕೆಂಪೇಗೌಡ ರಸ್ತೆಯ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ನಡೆಯಿತು. ಅದು ನಕ್ಕು ಮನೆಗೆ ಹೋಗುವ ಚಿತ್ರವೇ? ರಾಜೀವನ ಹೆಂಡತಿ ಲಕ್ಷ್ಮಿ ಸಾಯುತ್ತಾಳೆ. ಯಾರಿಗಾಗಿ ಬೆವರು ಸುರಿಸಿದನೋ ಅವರಿಂದಲೇ ಚುಚ್ಚುಮಾತು ಕೇಳಿ ರಾಜೀವ ಮನೆ ಬಿಟ್ಟು ನಡೆಯುತ್ತಾನೆ, ಹಿಂದಿರುಗುವುದಿಲ್ಲ. ಅದೇ ವರ್ಷದ ‘ನಾಗರಹಾವು’ ಇನ್ನೂ ಕಠೋರ. ಶಿಷ್ಯನನ್ನು ಮಗನಂತೆ ಕಂಡ ಮೇಷ್ಟ್ರು ಆ ಶಿಷ್ಯನ ಕೈಯಿಂದಲೇ ಬೆಟ್ಟದಿಂದ ಬೀಳುತ್ತಾರೆ. ಹಿಂದೆಯೇ ರಾಮಾಚಾರಿಯೂ ಮಾರ್ಗರೆಟ್ಟಳೂ ಹಾರುತ್ತಾರೆ. ಮೂರು ಪ್ರಾಣ ಹೋದ ಆ ಚಿತ್ರ ವಿಷ್ಣುವರ್ಧನ್ ಅವರನ್ನು ಮನೆಮನೆಯ ಮಾತಾಗಿಸಿತು. ಹನ್ನೆರಡು ವರ್ಷಗಳ ನಂತರ ‘ಬಂಧನ’ದ ಡಾಕ್ಟರ್ ಹರೀಶನಾಗಿ ಅದೇ ನಟ ಮತ್ತೆ ತೆರೆಯ ಮೇಲೆ ಸತ್ತರು, ಜನ ಮತ್ತೆ ಸಾಲುಗಟ್ಟಿ ನಿಂತರು. ನಾಯಕನ ಸಾವನ್ನು ಒಪ್ಪದ ಪ್ರೇಕ್ಷಕರು ಮಾಡುವ ಕೆಲಸವೇ ಇದು?

ಹಾಗಾದರೆ ಈ ತಪ್ಪು ತಿಳಿವಳಿಕೆ ಎಲ್ಲಿಂದ ಬಂತು? ನನ್ನ ಊಹೆ ಇಷ್ಟು. ‘ಬಂಗಾರದ ಮನುಷ್ಯ’ದ ಕೊನೆಯ ನಡಿಗೆ ನಮ್ಮ ನೆನಪಿನಲ್ಲಿ ಬಹಳ ಆಳವಾಗಿ ಕುಳಿತಿದೆ. ಅಲ್ಲಿ ರಾಜೀವ ಸಾಯುವುದಿಲ್ಲ, ಹೋಗುತ್ತಾನೆ. ಎಲ್ಲೋ ಇದ್ದಾನೆ ಎಂಬ ಆಸೆಯನ್ನು ಜನ ಇಟ್ಟುಕೊಂಡರು. 2006ರ ಏಪ್ರಿಲ್ 12ರಂದು ರಾಜ್‌ಕುಮಾರ್ ನಿಜವಾಗಿ ಹೋದ ಮೇಲೆ ಆ ಆಸೆ ಅವರ ಎಲ್ಲ ಪಾತ್ರಗಳಿಗೂ ಹರಡಿತು. ಪ್ರೀತಿಯಿಂದ ಹುಟ್ಟಿದ ತಪ್ಪು, ಅದನ್ನು ನಾನು ಗೌರವಿಸುತ್ತೇನೆ. ಆದರೂ ತಪ್ಪು ತಪ್ಪೇ. ರಾಜ್‌ಕುಮಾರ್ ಸಾಯಲೇ ಇಲ್ಲ ಎನ್ನುವವರು ಅವರ ಅತ್ಯುತ್ತಮ ದೃಶ್ಯಗಳಲ್ಲಿ ಒಂದನ್ನು ಅವರ ಕೈಯಿಂದಲೇ ಕಿತ್ತುಕೊಳ್ಳುತ್ತಿದ್ದಾರೆ.

‘ಜೋಗಿ’ಯ ಬಗ್ಗೆ ಎರಡು ಮಾತು ಹೇಳದೆ ಇರಲಾರೆ, ಏಕೆಂದರೆ ಅದು ನಮ್ಮೂರಿನದೇ ಕಥೆ. 2005ರ ಚಿತ್ರ. ಮಗ ಹಳ್ಳಿಯಿಂದ ಬೆಂಗಳೂರಿಗೆ ಬಂದು ಕಳೆದುಹೋಗುತ್ತಾನೆ, ತಾಯಿ ಅವನನ್ನು ಹುಡುಕಿಕೊಂಡು ಬರುತ್ತಾಳೆ. ಇಬ್ಬರೂ ಒಂದೇ ಊರಿನಲ್ಲಿ ತಿರುಗುತ್ತಾರೆ, ಪದೇ ಪದೇ ಕೂದಲೆಳೆಯಲ್ಲಿ ತಪ್ಪಿಹೋಗುತ್ತಾರೆ. ಕೊನೆಗೆ ಯಾರದೋ ಅನಾಥ ಶವ ಎಂದುಕೊಂಡು ಮಗ ಅದರ ಮುಂದೆ ಕುಣಿಯುತ್ತಾನೆ. ಅದು ಅವಳೇ. ತಮಟೆಯ ಸದ್ದು ಕೇಳಿದರೆ ರಸ್ತೆಯ ಬದಿಗೆ ಸರಿದು ನಿಲ್ಲುವುದು ನಮಗೆಲ್ಲ ಅಭ್ಯಾಸ. ಈ ಚಿತ್ರ ನೋಡಿದ ಮೇಲೆ ನಾನು ಚಟ್ಟದ ಕಡೆಗೂ ಒಮ್ಮೆ ನೋಡುತ್ತೇನೆ.

ರವಿವರ್ಮನನ್ನೂ ಈ ತಾಯಿಯನ್ನೂ ಪಕ್ಕಪಕ್ಕ ಇಟ್ಟರೆ ನನ್ನ ಅಳತೆಗೋಲು ತಿಳಿಯುತ್ತದೆ. ಸಾವಿನ ದೃಶ್ಯ ಎಷ್ಟು ಹೊತ್ತು ನಡೆಯಿತು, ಎಷ್ಟು ಜನ ಎದೆ ಬಡಿದುಕೊಂಡರು ಎಂಬುದು ನನಗೆ ಮುಖ್ಯವಲ್ಲ. ಸ್ವಲ್ಪದರಲ್ಲಿ ತಪ್ಪಿತಲ್ಲ ಎಂಬ ಸಂಕಟ ಉಳಿಯಬೇಕು. ಊಟಕ್ಕೆ ಮೊದಲೇ ನೀಲಾ ಬಾಯಿಬಿಟ್ಟಿದ್ದರೆ? ಮಗ ಒಮ್ಮೆ ಹಿಂತಿರುಗಿ ನೋಡಿದ್ದರೆ?

ಇದೇ ಅಳತೆಗೋಲು ಹಿಡಿದರೆ ಯಾರೂ ಕೇಳದ ಇನ್ನೊಂದು ಸಾವು ಎದುರಾಗುತ್ತದೆ. ಅದು ಸಿನಿಮಾದ್ದಲ್ಲ, ಗೋವಿನ ಹಾಡಿನದು. ಆ ಹಾಡಿನಲ್ಲಿ ಸಾಯುವವರು ಯಾರು ಎಂದು ಕೇಳಿ ನೋಡಿ. ಬಾಲ್ಯದಲ್ಲಿ ಬಾಯಿಪಾಠ ಮಾಡಿದವರಲ್ಲಿಯೂ ಕೆಲವರು ಪುಣ್ಯಕೋಟಿ ಎನ್ನುತ್ತಾರೆ. ಅಲ್ಲ. ತಬ್ಬಲಿಯಾಗಲಿದ್ದ ಕರುವಿನ ಅಳಲು ಎಷ್ಟು ಗಾಢವಾಗಿ ಮನಸ್ಸಿಗೆ ಹತ್ತಿದೆಯೆಂದರೆ, ಅದರ ತಾಯಿ ಹಿಂದಿರುಗಿದ್ದೇ ಮರೆತುಹೋಗಿದೆ. ಹಸು ಕೊಟ್ಟ ಮಾತಿಗೆ ತಪ್ಪದೆ ಗವಿಗೆ ಬಂದು ನಿಲ್ಲುತ್ತದೆ. ಹುಲಿ ಕಣ್ಣೀರು ಸುರಿಸುತ್ತದೆ. ‘ಎನ್ನ ಒಡಹುಟ್ಟಕ್ಕ ನೀನು’ ಎಂದು ಹೇಳಿ, ಹಾರಿ ನೆಗೆದು ಪ್ರಾಣ ಬಿಡುತ್ತದೆ. ಅಕ್ಕ ಎಂದು ಕರೆದ ಮೇಲೆ ಅದು ಬದುಕಿದ್ದು ಒಂದು ಸಾಲು ಮಾತ್ರ. ಹಾಡು ಅಲ್ಲಿ ನಿಂತು ಅಳುವುದಿಲ್ಲ. ಹಸು ನಲಿಯುತ್ತಾ ಬಂದು ಕರುವಿಗೆ ಹಾಲೂಡಿಸುತ್ತದೆ, ಗೊಲ್ಲನನ್ನು ಕರೆದು ಸಂಕ್ರಾಂತಿಯ ಮಾತಾಡುತ್ತದೆ.

ಮೊನ್ನೆ ಪಕ್ಕದ ಮನೆಯ ಏಳು ವರ್ಷದ ಹುಡುಗಿಗೆ ಈ ಹಾಡು ಹೇಳಿಕೊಡುತ್ತಿದ್ದೆ. ಹುಲಿಯ ಸಾಲು ಮುಗಿಯಿತು. ಅವಳು ಮುಂದಿನ ಸಾಲಿಗೆ ಬಾಯಿ ತೆರೆಯಲಿಲ್ಲ. ‘ಹುಲಿಗೂ ಮರಿ ಇತ್ತೇ?’ ಎಂದು ಕೇಳಿದಳು. ಹಾಡಿನಲ್ಲಿ ಆ ಮಾತಿಲ್ಲ ಎಂದೆ. ‘ಇದ್ದರೆ ಅದಕ್ಕೆ ಯಾರು ಹೇಳುತ್ತಾರೆ?’ ಎಂದಳು.