ಕಡಲಂಚಿನ ಲೋಹಗಳೂ ತೇಲುವ ಕಣಗಳೂ

ನದಿಗಳು ಬಂಡೆಗಳನ್ನು ಸವೆಸಿ ತಂದ ಸೀಸ, ತಾಮ್ರ, ಸತುಗಳೆಲ್ಲ ನೀರಿನಲ್ಲಿ ಕರಗಿಯೇ ಉಳಿದಿದ್ದರೆ ಸಮುದ್ರದಲ್ಲಿ ಅವುಗಳ ಪ್ರಮಾಣ ಈಗಿರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿರಬೇಕಿತ್ತು. ಈ ಲೆಕ್ಕ ತಾಳೆಯಾಗದಿರುವುದನ್ನು ಭೂರಸಾಯನ ವಿಜ್ಞಾನಿ ವಿಕ್ಟರ್ ಗೋಲ್ಡ್‌ಶ್ಮಿಟ್ 1930ರ ದಶಕದಲ್ಲಿಯೇ ಗಮನಿಸಿದ್ದರು. ತೇಲಾಡುವ ಕಬ್ಬಿಣ ಮತ್ತು ಮ್ಯಾಂಗನೀಸ್ ಆಕ್ಸೈಡಿನ ಕಣಗಳು ಲೋಹಗಳನ್ನು ಬಾಚಿಕೊಂಡು ತಳ ಸೇರುತ್ತವೆ ಎಂಬ ವಿವರಣೆಯನ್ನು ಎಡ್ವರ್ಡ್ ಗೋಲ್ಡ್‌ಬರ್ಗ್ 1954ರಲ್ಲಿ ಮುಂದಿಟ್ಟರು. ಎರಡು ವರ್ಷಗಳ ಬಳಿಕ ಕಾನ್ರಾಡ್ ಕ್ರೌಸ್ಕಾಫ್ 13 ಲೋಹಗಳನ್ನು ಪರೀಕ್ಷಿಸಿ, ಅವು ಲವಣವಾಗಿ ಗಟ್ಟಿಗೊಂಡು ಇಳಿಯುವಷ್ಟು ಸಾಂದ್ರತೆ ನೀರಿನಲ್ಲಿ ಇಲ್ಲವೆಂದೂ, ಹಲವಕ್ಕೆ ಕಣಗಳ ಮೈಗೆ ಅಂಟಿ ಹೋಗುವುದೇ ತಕ್ಕ ಕಾರಣವೆಂದೂ ತೋರಿಸಿದರು. 1977ರಲ್ಲಿ ಕಾರ್ಲ್ ಟುರೇಕಿಯನ್ ಇದನ್ನು ಕಣಗಳ ಮಹಾ ಒಳಸಂಚು ಎಂದು ಕರೆದರು.

ಈ ಒಳಸಂಚು ನಿಚ್ಚಳವಾಗಿ ಕಾಣುವುದು ನದಿ ಕಡಲನ್ನು ಸೇರುವ ಅಳಿವೆಗಳಲ್ಲಿ. ಸಿಹಿನೀರಿನಲ್ಲಿ ಜೇಡಿಯ ಕಣಗಳೂ ಸಾವಯವ ಪದಾರ್ಥ ಹೊದ್ದ ಕಬ್ಬಿಣದ ಕಲಿಲಗಳೂ (ತಳಕ್ಕಿಳಿಯದೆ ತೇಲುವ ಅತಿ ಸೂಕ್ಷ್ಮ ಕಣಗಳು) ತಮ್ಮ ಋಣ ವಿದ್ಯುದಂಶದಿಂದಾಗಿ ಒಂದನ್ನೊಂದು ದೂರ ತಳ್ಳುತ್ತ ತೇಲುತ್ತಿರುತ್ತವೆ. ಉಪ್ಪು ಬೆರೆತೊಡನೆ ಆ ವಿಕರ್ಷಣೆ ಕುಗ್ಗಿ, ಕಣಗಳು ಒಟ್ಟುಗೂಡಿ ತಳಕ್ಕಿಳಿಯುತ್ತವೆ. ನದಿಯ ‘ಕರಗಿದ’ ಕಬ್ಬಿಣದ ಬಹುಪಾಲು ತೆರೆದ ಕಡಲನ್ನು ಮುಟ್ಟುವ ಮೊದಲೇ ಹೀಗೆ ಕಳೆದುಹೋಗುತ್ತದೆ ಎಂಬುದನ್ನು 1970ರ ದಶಕದ ಪ್ರಯೋಗಗಳು ಖಚಿತಪಡಿಸಿದವು. ಎಲ್ಲ ಲೋಹಗಳ ನಡತೆ ಒಂದೇ ಅಲ್ಲ. ಸೀಸ ಕಣವನ್ನು ಬಿಗಿಯಾಗಿ ಹಿಡಿದುಕೊಂಡರೆ, ಕ್ಯಾಡ್ಮಿಯಂ ಸಮುದ್ರದ ಕ್ಲೋರೈಡಿನೊಂದಿಗೆ ಕೂಡಿ ಕಣದಿಂದ ಕಳಚಿಕೊಳ್ಳುತ್ತದೆ. ಆದ್ದರಿಂದ ಅಳಿವೆಯ ನಡುಭಾಗದಲ್ಲಿ ಕರಗಿದ ಕ್ಯಾಡ್ಮಿಯಂ ನದಿಯಲ್ಲಿಗಿಂತಲೂ ಕಡಲಿನಲ್ಲಿಗಿಂತಲೂ ಹೆಚ್ಚಿರುವುದುಂಟು.

‘ಕರಗಿದ’ ಎಂಬ ಮಾತನ್ನು ಉದ್ಧರಣ ಚಿಹ್ನೆಯೊಳಗೆ ಇಟ್ಟಿದ್ದಕ್ಕೆ ಕಾರಣವಿದೆ. 0.45 ಮೈಕ್ರೋಮೀಟರ್ ರಂಧ್ರದ ಸೋಸುಪೊರೆಯನ್ನು ದಾಟಿದ್ದು ಕರಗಿದ್ದು, ದಾಟದ್ದು ಕಣ ಎಂಬುದು ಪ್ರಯೋಗಾಲಯದ ಅನುಕೂಲಕ್ಕೆ ಎಳೆದುಕೊಂಡ ಗೆರೆಯಷ್ಟೆ. ನೀರಿನಲ್ಲಿ ಕಣಗಳು ಹೆಚ್ಚಿದಂತೆ ಪ್ರತಿ ಗ್ರಾಂ ಕಣದ ಹಿಡಿತ ಕಡಿಮೆಯಾದಂತೆ ಕಾಣುವುದೇಕೆ ಎಂಬ ಪ್ರಶ್ನೆ 1980ರ ದಶಕದಲ್ಲಿ ಸಂಶೋಧಕರನ್ನು ಬಹಳ ಕಾಡಿತು. ಕಣಗಳೊಂದಿಗೆ ತಾವೂ ಹೆಚ್ಚುತ್ತ ಪೊರೆಯಲ್ಲಿ ನುಸುಳಿಬರುವ ಕಲಿಲಗಳು ತಮ್ಮ ಮೈಮೇಲಿನ ಲೋಹವನ್ನೂ ಕರಗಿದ ಲೋಹದ ಲೆಕ್ಕಕ್ಕೆ ಸೇರಿಸುತ್ತಿದ್ದವು ಎಂಬ ಉತ್ತರ ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ.

ತಳ ಸೇರಿದ ಲೋಹವೂ ಅಲ್ಲಿಯೇ ಉಳಿಯುವುದಿಲ್ಲ. ಆಮ್ಲಜನಕವಿಲ್ಲದ ಕೆಸರಿನಲ್ಲಿ ಕಬ್ಬಿಣ, ಮ್ಯಾಂಗನೀಸ್ ಆಕ್ಸೈಡುಗಳು ಕರಗಿ ತಾವು ಹೊತ್ತಿದ್ದ ಲೋಹವನ್ನು ಬಿಟ್ಟುಕೊಡುತ್ತವೆ. ಅದರಲ್ಲಿ ಒಂದು ಪಾಲು ಗಂಧಕದೊಂದಿಗೆ ಕೂಡಿ ಸಲ್ಫೈಡಾಗಿ ಮತ್ತೆ ಸೆರೆಯಾಗುತ್ತದೆ. ಬಿರುಗಾಳಿಯೋ ಹೂಳೆತ್ತುವ ಯಂತ್ರವೋ ಆ ಕೆಸರನ್ನು ಕದಡಿದಾಗ ಸಲ್ಫೈಡು ಆಮ್ಲಜನಕಕ್ಕೆ ಸಿಕ್ಕಿ ಲೋಹ ನೀರಿಗೆ ಬರುತ್ತದೆ, ಆದರೆ ಅದೇ ಹೊತ್ತಿಗೆ ಹೊಸದಾಗಿ ಮೂಡುವ ಕಬ್ಬಿಣದ ಆಕ್ಸೈಡು ಅದರಲ್ಲಿ ಒಂದಷ್ಟನ್ನು ಪುನಃ ಸೆಳೆದುಕೊಳ್ಳುತ್ತದೆ. ಹೀಗಾಗಿ ಒಂದೇ ಜಾಗದಲ್ಲಿ ಕದಡಿದ ಕೂಡಲೇ ತೆಗೆದ ನೀರು ಹೇಳುವುದು ಒಂದು, ಮರುದಿನ ತೆಗೆದ ನೀರು ಹೇಳುವುದು ಇನ್ನೊಂದು.