ಕೆಳಗಿರುವವನಿಗೂ ಒಂದು ಹಗ್ಗ ಬೇಕಾ?

ಓದುಗರ ಪ್ರಶ್ನೆ: ನಾನು ಹಾರ್ನೆಸ್ (ಸೊಂಟ, ತೊಡೆಗೆ ಬಿಗಿಯುವ ಸುರಕ್ಷತಾ ಪಟ್ಟಿ) ಹಾಕಿಕೊಂಡು ಹಗ್ಗದಲ್ಲಿ ಮರ ಹತ್ತಿ ಕೊಂಬೆ ಕತ್ತರಿಸುತ್ತೇನೆ. ಕೆಳಗೆ ಜೊತೆಗಾರ ಇರುತ್ತಾನೆ. ನನಗೆ ಏನಾದರೂ ಆದರೆ ಅವನು ಹತ್ತಿ ಬರಲಿ ಅಂತ ಇನ್ನೊಂದು ಹಗ್ಗ ಮೊದಲೇ ಹಾಕಿಡಬೇಕಾ? ಪ್ರತಿ ಮರಕ್ಕೂ ಇದು ಜಾಸ್ತಿ ಆಯ್ತು ಅನ್ನಿಸುತ್ತದೆ.

ಹಾಕಿಡಿ. ಮರ ಎತ್ತರವಿದ್ದು, ಮೇಲೆ ಚೈನ್ ಸಾ ಬಳಸುವುದಿದ್ದರೆ ಇದರಲ್ಲಿ ಎರಡು ಮಾತಿಲ್ಲ.

ಮರಕ್ಕೆ ಹಗ್ಗ ಏರಿಸಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ನಿಮಗೇ ಗೊತ್ತು. ತೂಕದ ಚೀಲ ಕಟ್ಟಿದ ತೆಳು ದಾರ ಎಸೆಯುತ್ತೀರಿ. ಮೊದಲ ಸಲ ಕವಲಿನ ಪಕ್ಕದಲ್ಲಿ ಹೋಗುತ್ತದೆ. ಎರಡನೇ ಸಲ ಸರಿಯಾಗಿ ಬೀಳುತ್ತದೆ, ಆದರೆ ಚೀಲ ಯಾವುದೋ ರೆಂಬೆಗೆ ಸಿಕ್ಕಿಕೊಂಡು ಕೆಳಗೆ ಇಳಿಯುವುದೇ ಇಲ್ಲ. ಅಲ್ಲಾಡಿಸಿ, ಬಿಡಿಸಿ, ಮತ್ತೆ ಎಸೆಯಬೇಕು. ಆಮೇಲೆ ದಾರಕ್ಕೆ ಹಗ್ಗ ಕಟ್ಟಿ ಎಳೆದು, ಜೋತುಬಿದ್ದು, ಕೊಂಬೆ ತಡೆಯುತ್ತದಾ ಅಂತ ನೋಡಬೇಕು. ನಿಧಾನವಾಗಿ ಮಾಡುವಾಗಲೇ ಇಷ್ಟು ಕೆಲಸ. ಮೇಲೆ ನೀವು ಕೂಗುತ್ತಿರುವಾಗ, ಅಥವಾ ಕೂಗುವುದೂ ನಿಂತಿರುವಾಗ, ನಡುಗುವ ಕೈಯಲ್ಲಿ ಅವನು ಇದನ್ನೆಲ್ಲ ಮಾಡಬೇಕು.

ಅಷ್ಟು ಹೊತ್ತು ನಿಮ್ಮ ಹತ್ತಿರ ಇರುವುದಿಲ್ಲ. ತೊಡೆಯ ದೊಡ್ಡ ರಕ್ತನಾಳ ಕೊಯ್ದರೆ ಕೆಲವೇ ನಿಮಿಷಗಳಲ್ಲಿ ಜೀವ ಹೋಗಬಹುದು. ಗಾಯವೇ ಇಲ್ಲದಿದ್ದರೂ ಅಪಾಯವಿದೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಹಾರ್ನೆಸ್‌ನಲ್ಲಿ ಕಾಲಾಡಿಸದೆ ನೇತಾಡುತ್ತಿದ್ದರೆ ರಕ್ತ ಕಾಲಿನಲ್ಲೇ ನಿಲ್ಲುತ್ತದೆ, ಮಿದುಳಿಗೆ ಕಡಿಮೆ ಹೋಗುತ್ತದೆ, ತಲೆ ಸುತ್ತಿ ಎಚ್ಚರ ತಪ್ಪಬಹುದು. ನೆಲದ ಮೇಲಾದರೆ ಬಿದ್ದವನು ಮಲಗಿದಂತಾಗಿ ರಕ್ತ ಮತ್ತೆ ತಲೆಗೆ ಬರುತ್ತದೆ. ಹಾರ್ನೆಸ್ ಅವನನ್ನು ಬೀಳಲು ಬಿಡುವುದಿಲ್ಲ, ನೆಟ್ಟಗೆ ಹಿಡಿದೇ ಇರುತ್ತದೆ. ಆಂಬುಲೆನ್ಸ್ ಬೇಗ ಬಂದರೂ ಅವರು ಕೆಳಗೇ ನಿಂತು ಕಾಯಬೇಕು, ಅಲ್ವಾ?

ಎರಡನೇ ಹಗ್ಗ ಹಾಕುವಾಗ ನಿಮ್ಮ ಹಗ್ಗ ಇರುವ ಕವಲಿಗೇ ಅದನ್ನೂ ಹಾಕಬೇಡಿ. ಆ ಕವಲು ಮುರಿದರೆ ಎರಡೂ ಹೋದವು. ಕತ್ತರಿಸುವ ಕೊಂಬೆಗಳಿಂದ ದೂರ, ಬೇರೆ ಗಟ್ಟಿ ಕವಲು ನೋಡಿ. ಎರಡೂ ತುದಿ ನೆಲ ಮುಟ್ಟಬೇಕು, ಆದರೆ ಕೆಳಗೆ ಬೀಳುವ ಸೊಪ್ಪುಸದೆಯಲ್ಲಿ ಹೂತುಹೋಗಬಾರದು. ಎಸೆಯುವುದು ಕಷ್ಟವಾದರೆ ನೀವೇ ಹತ್ತುವಾಗ ಜೊತೆಗೆ ಒಯ್ದು ಮೇಲೆ ಹಾಕಬಹುದು.

ಒಂಟಿ ಹಗ್ಗವನ್ನು ಬುಡಕ್ಕೆ ಕಟ್ಟಿ ಹತ್ತುವವರು ಬುಡದಲ್ಲೇ ಇಳಿಸುವ ಸಾಧನ ಕೂರಿಸಿ, ಸಾಕಷ್ಟು ಹೆಚ್ಚುವರಿ ಹಗ್ಗ ಇಟ್ಟಿರುತ್ತಾರೆ. ಏನಾದರೂ ಆದರೆ ಕೆಳಗಿನವನು ಅಲ್ಲಿಂದಲೇ ಇಳಿಸಬಹುದು. ಒಳ್ಳೆಯ ಏರ್ಪಾಡು. ಆದರೆ ಕತ್ತರಿಸುವಾಗ ನಿಮ್ಮ ಸೊಂಟದ ಪಟ್ಟಿ ಕಾಂಡವನ್ನು ಸುತ್ತಿರುತ್ತದೆ. ಅದನ್ನು ಬಿಚ್ಚದೆ ಯಾರೂ ಕೆಳಗೆ ಬರುವುದಿಲ್ಲ, ಬಿಚ್ಚಲು ಒಬ್ಬ ಮೇಲೆ ಬರಲೇಬೇಕು. ಹಾಗಾಗಿ ಇದಿದ್ದರೂ ಎರಡನೇ ಹಗ್ಗ ಬಿಡಬೇಡಿ.

ಏಣಿಗೆ ಸಿಗುವ ಗಿಡ್ಡ ಮರಕ್ಕೆ ಬೇಡ, ಏಣಿ ಪಕ್ಕದಲ್ಲೇ ಇರಲಿ. ಕೊಂಬೆಗಳಿಲ್ಲದ ಬೋಳು ಕಾಂಡವಾದರೆ ಹಗ್ಗ ಹಾಕಲು ಜಾಗವೇ ಇರುವುದಿಲ್ಲ, ಅಲ್ಲಿ ಜೊತೆಗಾರನಿಗೂ ಕಾಂಡಕ್ಕೆ ಚುಚ್ಚಿ ಹತ್ತಲು ಕಾಲಿಗೆ ಕಟ್ಟುವ ಮುಳ್ಳು ಮತ್ತು ಸೊಂಟದ ಪಟ್ಟಿ ಬೇಕು. ಕೊಳೆತ ಮರವಾದರೆ ಹತ್ತಲೇಬೇಡಿ. ಇನ್ನು ವಿದ್ಯುತ್ ತಂತಿ ತಗುಲಿದ್ದರೆ ಕರೆಂಟ್ ತೆಗೆಸುವ ತನಕ ಯಾರೂ ಮರವನ್ನಾಗಲಿ ಹಗ್ಗವನ್ನಾಗಲಿ ಮುಟ್ಟಬಾರದು.

ಬ್ರಿಟನ್ನಿನ 2005ರ ಎತ್ತರದ ಕೆಲಸಗಳ ನಿಯಮದಲ್ಲಿ, ಕೆಲಸದ ಯೋಜನೆ ಮಾಡುವಾಗಲೇ ತುರ್ತು ರಕ್ಷಣೆಯ ಯೋಜನೆಯನ್ನೂ ಮಾಡಬೇಕು ಅಂತಿದೆ. ಯೋಜನೆ ಅಂದರೆ ಬರೀ ಹಗ್ಗ ಅಲ್ಲ. ನನ್ನ ಚಿಂತೆ ನಿಮ್ಮ ಜೊತೆಗಾರನದು. ಅವನ ಅಳತೆಗೆ ಸರಿಹೊಂದುವ ಇನ್ನೊಂದು ಹಾರ್ನೆಸ್ ಅಲ್ಲಿ ಇರುತ್ತದಾ? ಅವನಿಗೆ ಹತ್ತಲು ಬರುತ್ತದಾ? ಬರದಿದ್ದರೆ ಆ ಹಗ್ಗ ಸುಮ್ನೆ ನೇತಾಡುತ್ತಿರುತ್ತದೆ ಅಷ್ಟೇ. ಮುಂದಿನ ಮರದಲ್ಲಿ ಚೈನ್ ಸಾ ಶುರು ಮಾಡುವ ಮೊದಲು ಅವನು ಒಂದು ಸಲ ಆ ಹಗ್ಗದಲ್ಲಿ ನಿಮ್ಮ ತನಕ ಬರಲಿ. ನೀವು ಮೇಲೆ ಕೂತು ಗಡಿಯಾರ ನೋಡಿ.