ಟ್ಯೂನ್ ಮಾಡಿದ ಆರ್‌ಎಕ್ಸ್ 100: ಮೊದಲಿಗೆ ಯಾವ ಜೆಟ್ ಹಾಕಬೇಕು?

ಪ್ರಶ್ನೆ: ಹಳೆಯ ಯಮಹಾ ಆರ್‌ಎಕ್ಸ್ 100 ಬೈಕನ್ನು ಡರ್ಟ್ ಟ್ರ್ಯಾಕ್‌ಗೆ ಸಜ್ಜು ಮಾಡಿದ್ದೇನೆ. ಪೋರ್ಟಿಂಗ್ (ಸಿಲಿಂಡರಿನ ಗಾಳಿ-ಹೊಗೆ ದಾರಿಗಳನ್ನು ಉಜ್ಜಿ ಹಿಗ್ಗಿಸುವುದು) ಮಾಡಿಸಿ, ಎಕ್ಸ್‌ಪಾನ್ಷನ್ ಚೇಂಬರ್ (ರೇಸಿಂಗ್ ಸೈಲೆನ್ಸರ್) ಕೂರಿಸಿ, ಫಿಲ್ಟರ್ ಡಬ್ಬಿ ತೆಗೆದು ಫೋಮ್ ಫಿಲ್ಟರ್ ಹಾಕಿದ್ದೇನೆ. ಕಾರ್ಬುರೇಟರ್ ಹಳೆಯದೇ. ಅದರಲ್ಲಿ ಪೆಟ್ರೋಲ್ ಅಳೆದು ಬಿಡುವ ರಂಧ್ರದ ತುಂಡು, ಅಂದರೆ ಮೇನ್ ಜೆಟ್, ಎಷ್ಟು ನಂಬರಿನದು ಹಾಕಲಿ?

ಉತ್ತರ: ನಿಮ್ಮ ಸಿಲಿಂಡರಿನ ಪೋರ್ಟುಗಳನ್ನು ಎಷ್ಟು ಉಜ್ಜಿದ್ದಾರೆಂದು ನೋಡದೆ ಸರಿಯಾದ ನಂಬರ್ ಯಾರೂ ಹೇಳಲಾರರು. ಆದರೆ ಮೊದಲ ಜೆಟ್ ಖಂಡಿತವಾಗಿ ದೊಡ್ಡದೇ ಇರಬೇಕು ಎಂದು ಧೈರ್ಯವಾಗಿ ಹೇಳುತ್ತೇನೆ. ಟೂ-ಸ್ಟ್ರೋಕ್‌ನಲ್ಲಿ ಪೆಟ್ರೋಲೇ ಪಿಸ್ಟನ್ನನ್ನು ತಣ್ಣಗಿಡುತ್ತದೆ, ಆಯಿಲ್ ಕೂಡ ಅದರ ಜೊತೆಗೇ ಒಳಗೆ ಹೋಗುತ್ತದೆ. ಪೆಟ್ರೋಲ್ ಹೆಚ್ಚಾದರೆ ಎಂಜಿನ್ ಮುಗ್ಗರಿಸುತ್ತದೆ, ಪ್ಲಗ್ ಒದ್ದೆಯಾಗುತ್ತದೆ, ಅಷ್ಟೆ. ಕಡಿಮೆಯಾದರೆ ಸೀಜ್, ಅಂದರೆ ಪಿಸ್ಟನ್ ಕಾದು ಸಿಲಿಂಡರಿನಲ್ಲೇ ಕಚ್ಚಿಕೊಳ್ಳುತ್ತದೆ.

ನನ್ನ ಮೇಜಿನ ಮೇಲೆ ಅಂಥದೊಂದು ಪಿಸ್ಟನ್ ಇದೆ. ಎಕ್ಸಾಸ್ಟ್ ಬದಿಯಲ್ಲಿ ಉದ್ದುದ್ದ ಗೀರುಗಳು, ಕರಗಿ ಬಳಿದುಕೊಂಡ ಅಲ್ಯೂಮಿನಿಯಂ, ಕಾಲುವೆಯಲ್ಲೇ ಕಚ್ಚಿಕೊಂಡ ರಿಂಗ್. ಚೇಂಬರ್ ಹಾಕಿ ಹಳೆಯ ಜೆಟ್‌ನಲ್ಲೇ ಓಡಿಸಿದ್ದೆ. ಕೊನೆಯ ಸುತ್ತಿನಲ್ಲಿ ಬೈಕ್ ಎಂದೂ ಇಲ್ಲದಷ್ಟು ಚುರುಕಾಗಿತ್ತು. ಪೆಟ್ರೋಲ್ ಸಾಲದ ಎಂಜಿನ್ ಸಾಯುವ ಮುಂಚೆ ಹಾಗೆಯೇ ಓಡುತ್ತದೆಂದು ಆಗ ಗೊತ್ತಿರಲಿಲ್ಲ.

ಈಗಿರುವ ಜೆಟ್ ಕಳಚಿ ಅದರ ಮೇಲಿನ ಸಂಖ್ಯೆ ಓದಿ. ಯಾರಾದರೂ ತಂತಿ ತೂರಿಸಿ ರಂಧ್ರ ಹಿಗ್ಗಿಸಿದ್ದರೆ ಆ ಸಂಖ್ಯೆಗೆ ಅರ್ಥವಿಲ್ಲ, ಹೊಸದನ್ನೇ ತನ್ನಿ. ನೀವು ಹೇಳಿದ ಬದಲಾವಣೆಗಳಿಗೆ ನಾನಾದರೆ ಶೇಕಡಾ 15ರಷ್ಟು ದೊಡ್ಡ ಜೆಟ್‌ನಿಂದ ಶುರು ಮಾಡುತ್ತೇನೆ: 100 ಇದ್ದ ಕಡೆ 115. ಮಿಕುನಿ ಕಂಪನಿಯ ಕಾರ್ಬುರೇಟರಿಗೆ ಮಿಕುನಿ ಜೆಟ್ಟೇ ಬೇಕು. ಕೈಹಿನ್ ಎಂಬ ಇನ್ನೊಂದು ಕಂಪನಿಯ ಜೆಟ್ಟಿನ ನಂಬರಿನ ಲೆಕ್ಕವೇ ಬೇರೆ.

ಆಯಿಲ್ ಪಂಪ್ ತೆಗೆದು ಪೆಟ್ರೋಲಿಗೇ ಆಯಿಲ್ ಬೆರೆಸುತ್ತಿದ್ದರೆ ಇನ್ನೊಂದು ಮೆಟ್ಟಿಲು ಮೇಲೆ, ಅಂದರೆ ಇನ್ನೊಂದು ಸೈಜ್ ದೊಡ್ಡದಕ್ಕೆ ಹೋಗಿ. ಮೊದಲು ಜೆಟ್ಟಿನಲ್ಲಿ ಬರೀ ಪೆಟ್ರೋಲ್ ಹರಿಯುತ್ತಿತ್ತು. ಈಗ ಆ ರಂಧ್ರದಲ್ಲೇ ಆಯಿಲ್ ಕೂಡ ಪಾಲು ಪಡೆಯುತ್ತದೆ. ಆಯಿಲ್ ಹೆಚ್ಚಿಸಿದಷ್ಟೂ ಪೆಟ್ರೋಲ್ ಕಡಿಮೆ ಎಂಬುದನ್ನು ಬಹಳ ಜನ ಮರೆಯುತ್ತಾರೆ. ಶೇಕಡಾ 20 ಎಥೆನಾಲ್ ಇರುವ ಇಂದಿನ ಪೆಟ್ರೋಲ್ ಕೂಡ ದೊಡ್ಡ ಜೆಟ್ಟನ್ನೇ ಕೇಳುತ್ತದೆ.

ಊರೂ ಲೆಕ್ಕಕ್ಕೆ ಬರುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಗಾಳಿ ತೆಳು. ಅಲ್ಲಿ ಸರಿಹೊಂದಿಸಿದ ಜೆಟ್ಟನ್ನು ಹಾಗೆಯೇ ಮಂಗಳೂರಿನ ರೇಸಿಗೆ ಒಯ್ಯಬೇಡಿ. ಕರಾವಳಿಯ ದಟ್ಟ ಗಾಳಿಗೆ ಅದು ಶೇಕಡಾ 4ರಷ್ಟು ಚಿಕ್ಕದಾಗುತ್ತದೆ. ಚಳಿಗಾಲದ ಬೆಳಗ್ಗೆಯೂ ಇದೇ ಕಥೆ.

ಇಷ್ಟೆಲ್ಲಕ್ಕೂ ಮೊದಲು ಗಾಳಿ ಸೋರಿಕೆ ನೋಡಿಕೊಳ್ಳಿ. ಇನ್‌ಟೇಕ್ ರಬ್ಬರ್ ಸೀಳಿದ್ದರೆ, ಕ್ರ್ಯಾಂಕ್ ಶಾಫ್ಟಿನ ಸುತ್ತ ಗಾಳಿ ತಡೆಯುವ ಸೀಲ್ ಗಟ್ಟಿಯಾಗಿದ್ದರೆ ಯಾವ ಜೆಟ್ಟೂ ಕಾಪಾಡದು. ಎಂಜಿನ್ ಐಡಲ್‌ನಲ್ಲಿರುವಾಗ ರಬ್ಬರಿನ ಸುತ್ತ ಕಾರ್ಬ್ ಕ್ಲೀನರ್ ಸಿಂಪಡಿಸಿ. ಸದ್ದು ಬದಲಾದರೆ ಅಲ್ಲೇ ತೂತಿದೆ.

ನಂತರ ಆಕ್ಸಿಲರೇಟರ್ ಹಿಡಿಗೂ ಅದರ ಬುಡಕ್ಕೂ ಟೇಪ್ ಅಂಟಿಸಿ ಕಾಲು, ಅರ್ಧ, ಮುಕ್ಕಾಲು ಗುರುತು ಹಾಕಿ. ಮೇನ್ ಜೆಟ್ ಮುಕ್ಕಾಲಿನ ಮೇಲೆ ಕೆಲಸ ಮಾಡುತ್ತದೆ, ನಡುವಿನ ಭಾಗ ಆಕ್ಸಿಲರೇಟರ್ ಜೊತೆ ಮೇಲೇಳುವ ಸೂಜಿ, ಅಂದರೆ ನೀಡಲ್‌ನದು, ಶುರುವಿನದು ಇನ್ನೊಂದು ಚಿಕ್ಕ ಜೆಟ್ ಆದ ಪೈಲಟ್ ಜೆಟ್‌ನದು. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಹೊಸ ಪ್ಲಗ್ ಹಾಕಿ, ಮೂರನೇ ಗೇರಿನಲ್ಲಿ ಪೂರ್ತಿ ತಿರುವಿ ಕೆಲವು ಸೆಕೆಂಡು ಓಡಿಸಿ. ಹಿಡಿ ಸಡಿಲಿಸದೆ ಕಿಲ್ ಸ್ವಿಚ್ ಒತ್ತಿ ಕ್ಲಚ್ ಹಿಡಿಯಿರಿ. ಪ್ಲಗ್ ಬಿಚ್ಚಿ ಪಿಂಗಾಣಿಯ ಬುಡದಲ್ಲಿ, ಲೋಹದೊಳಗೆ ಇಳಿಯುವ ಕಡೆ ಇಣುಕಿ. ತೆಳು ಕಂದು ಉಂಗುರ ಇರಬೇಕು. ಮಸಿ ಇದ್ದರೆ ಜೆಟ್ ದೊಡ್ಡದು. ಎಲ್ಲವೂ ಬೆಳ್ಳಗಿದ್ದರೆ ಅಲ್ಲೇ ನಿಲ್ಲಿಸಿ, ದೊಡ್ಡ ಜೆಟ್ ಹಾಕದೆ ಮತ್ತೆ ಓಡಿಸಬೇಡಿ.

ಒಂದು ಸಲಕ್ಕೆ ಒಂದೇ ಮೆಟ್ಟಿಲು ಇಳಿಯಿರಿ. ಪೂರ್ತಿ ತಿರುವಿದಾಗ ಮುಗ್ಗರಿಸುವ ಸದ್ದು ಯಾವ ಜೆಟ್‌ನಲ್ಲಿ ನಿಂತಿತೋ ಅದರ ನಂಬರ್ ಬರೆದಿಟ್ಟುಕೊಳ್ಳಿ. ರೇಸಿಗೆ ಹೋಗುವಾಗ ಅದಕ್ಕಿಂತ ಒಂದು ಸೈಜ್ ದೊಡ್ಡದನ್ನು ಹಾಕಿ.